ಶಾಪದ ಅಧ್ಯಾಯ

ಗಂಡ ಸತ್ತ ಮೇಲೆ ಆ ಎರಡು ಕೋಣೆಯ ಮನೆಯಲ್ಲಿ ಉಳಿದವರು ಅತ್ತೆ ಮತ್ತು ಸೊಸೆ. ಅವನಿದ್ದಾಗ ಅವನ ಮುಖ ನೋಡಿಕೊಂಡು ಇಬ್ಬರೂ ನಾಲಿಗೆ ಬಿಗಿಹಿಡಿದಿದ್ದರು. ಈಗ ನೋಡಲು ಆ ಮುಖವೇ ಇರಲಿಲ್ಲ. ಅತ್ತೆಯ ಮಾತಿಗೆ ಲಗಾಮು ತಪ್ಪಿತು. ಸೊಸೆಯ ಮೌನ ಅದಕ್ಕಿಂತ ಕೆಟ್ಟದಾಗಿತ್ತು.

ಅವನು ಬಂದರಿನಲ್ಲಿ ಹಡಗಿನ ಸಾಮಾನು ಇಳಿಸುವ ಕೆಲಸದಲ್ಲಿದ್ದ. ಒಂದು ಬೆಳಗ್ಗೆ ಕ್ರೇನಿನ ಕೊಕ್ಕೆಯಿಂದ ಕಬ್ಬಿಣದ ಹಲಗೆಗಳ ಕಟ್ಟು ಜಾರಿ ಅವನ ಮೇಲೆ ಬಿತ್ತು. ಕ್ರೇನು ನಡೆಸುತ್ತಿದ್ದವನು ಅವನ ಜೀವದ ಗೆಳೆಯ. ತಾಳೆಮರದಂತೆ ಬೆಳೆದಿದ್ದರಿಂದ ಬಂದರಿನವರೆಲ್ಲ ಆ ಗೆಳೆಯನನ್ನು ಉದ್ದಣ್ಣ ಎನ್ನುತ್ತಿದ್ದರು. ಹಿಂದೆ ಮುಂದೆ ಯಾರೂ ಇಲ್ಲದವನು. ಇದೇ ಮನೆಯ ನೆಲದ ಮೇಲೆ ಕೂತು ಉಂಡವನು, ಮುದುಕಿಯನ್ನು ಅಮ್ಮ ಎಂದೂ ಇವಳನ್ನು ಅತ್ತಿಗೆ ಎಂದೂ ಕರೆಯುತ್ತಿದ್ದವನು. ವಿಚಾರಣೆ ಮಾಡಿದ ಅಧಿಕಾರಿಗಳು ಹಗ್ಗ ನೋಡಿದರು, ಕೊಕ್ಕೆ ನೋಡಿದರು, ಆಕಸ್ಮಿಕ ಎಂದು ಬರೆದು ಕೈತೊಳೆದುಕೊಂಡರು. ಮುದುಕಿಗೆ ಹಾಗೆ ಕೈತೊಳೆದುಕೊಳ್ಳಲು ಬರಲಿಲ್ಲ.

ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಮೊದಲೇ ಮಂಜಾಗಿತ್ತು. ಮಗ ಸತ್ತ ವರ್ಷವೇ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಅವಳ ತವರಿನಿಂದ ಬಂದ ದಪ್ಪನೆಯ ಒಂದು ಗ್ರಂಥವಿತ್ತು. ಅದನ್ನು ದಿನಾ ಸಂಜೆ ಓದುವುದು ಅವಳ ಬದುಕಿನುದ್ದದ ಅಭ್ಯಾಸ. ಈಗ ಓದುವ ಕೆಲಸ ಸೊಸೆಯ ತಲೆಗೆ ಬಂತು.

ಸೊಸೆ ದುಡಿಯುತ್ತಿದ್ದದ್ದು ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವಲ್ಲಿ. ವಾರ್ಡುಗಳಿಂದ ಬರುವ ಹೊದಿಕೆ, ಹಾಸು, ದಿಂಬಿನ ಚೀಲಗಳನ್ನು ವಿಂಗಡಿಸಿ, ರಕ್ತದ ಕಲೆಯಿದ್ದವನ್ನು ತಣ್ಣೀರಲ್ಲಿ ನೆನೆಹಾಕಿ, ಉಳಿದವನ್ನು ಕುದಿನೀರಿನ ಯಂತ್ರಕ್ಕೆ ತುಂಬಬೇಕು. ಬ್ಲೀಚಿಂಗ್ ಪುಡಿಗೆ ಅವಳ ಬೆರಳ ಸಂದುಗಳು ಬಿರಿದು ಹೋಗಿದ್ದವು. ಸಂಜೆ ಆ ಬೆರಳಲ್ಲೇ ಅತ್ತೆಯ ಹಾಸು ಬದಲಿಸಿ, ಗಂಜಿ ಕುಡಿಸಿ, ಪುಸ್ತಕ ತೆರೆಯುತ್ತಿದ್ದಳು.

"ಎಲ್ಲಿಂದ ಓದ್ಲಿ?" ಎಂದು ಅವಳು ಕೇಳುತ್ತಿದ್ದದ್ದು ಸುಮ್ಮನೆ. ಉತ್ತರ ಅವಳಿಗೆ ಗೊತ್ತಿತ್ತು.

"ಶಾಪದ ಅಧ್ಯಾಯ. ಗಟ್ಟಿಯಾಗಿ ಓದು. ನುಂಗಬೇಡ."

ಗ್ರಂಥದಲ್ಲಿದ್ದದ್ದು ಬೆಟ್ಟದ ಮೇಲಿನ ಒಂದು ನಗರದ ಕಥೆ. ಆ ನಗರ ಒಂದು ದಿನ ಉರಿದು ಹೋಗುತ್ತದೆ. ಬದುಕುಳಿದ ಜನ ಉಪ್ಪಿನ ಬಯಲಿನಲ್ಲಿ ವರ್ಷಗಟ್ಟಲೆ ಅಲೆದು ಕೊನೆಗೆ ನೀರಿರುವಲ್ಲಿ ನೆಲೆ ನಿಲ್ಲುತ್ತಾರೆ. ಊರ ಹಿರಿಯನೊಬ್ಬ ಬೂದಿಯ ನಡುವೆ ನಿಂತು ಬೆಂಕಿ ಇಟ್ಟವನನ್ನು ಶಪಿಸುವ ಭಾಗಕ್ಕೆ ಶಾಪದ ಅಧ್ಯಾಯವೆಂದು ಹೆಸರು.

"ಬೆಂಕಿಯಿಟ್ಟ ಕೈ ಒಣಗಲಿ," ಎಂದು ಸೊಸೆ ಓದುತ್ತಿದ್ದಳು. "ಅವನು ನೀರೆಂದು ಬಗೆದದ್ದು ಹೊಗೆಯಾಗಲಿ. ಅವನ ಹೊಸ್ತಿಲಿಗೆ ಯಾರ ಹೆಜ್ಜೆಯೂ ಬಾರದಿರಲಿ."

"ಬಾರದಿರಲಿ," ಎಂದು ಮುದುಕಿ ಸೂರಿನ ಕಡೆ ನೋಡಿಕೊಂಡು ಹೇಳುತ್ತಿದ್ದಳು. ಆ ಶಾಪ ನೇರವಾಗಿ ಉದ್ದಣ್ಣನ ತಲೆಗೆ ಹೋಗಿ ಮುಟ್ಟಬೇಕೆಂಬುದು ಅವಳ ಲೆಕ್ಕ. ಆಗಾಗ ಅದರಲ್ಲಿ ಒಂದು ಪಾಲು ಸೊಸೆಗೂ ಸಿಗುತ್ತಿತ್ತು. "ನಿನ್ನ ಕಾಲ್ಗುಣ ನೆಟ್ಟಗಿದ್ದಿದ್ರೆ ಆ ಕಟ್ಟು ಒಂದು ಮಾರು ಆಚೆ ಬೀಳ್ತಿತ್ತು" ಎಂದು ಗಂಜಿಯ ಬಟ್ಟಲು ತಳ್ಳುವಳು. ಸೊಸೆ ಚೆಲ್ಲಿದ್ದನ್ನು ಒರೆಸುತ್ತಿದ್ದಳು. ಆದರೆ ಅದೇ ಅಧ್ಯಾಯವನ್ನು ಓದುವಾಗ ಅವಳ ಮನಸ್ಸಿನಲ್ಲಿ ಬೆಂಕಿ ಇಟ್ಟವನ ಜಾಗಕ್ಕೆ ಒಮ್ಮೆ ಉದ್ದಣ್ಣ ಬರುತ್ತಿದ್ದ, ಒಮ್ಮೆ ಆ ಹಾಸಿಗೆಯ ಮೇಲಿನ ಒಣಕಲು ಹೆಂಗಸು ಬರುತ್ತಿದ್ದಳು. ಒಂದೇ ಪುಟದಿಂದ ಇಬ್ಬರೂ ತಮತಮಗೆ ಬೇಕಾದ ಕಲ್ಲು ಆರಿಸಿಕೊಳ್ಳುತ್ತಿದ್ದರು.

ಉದ್ದಣ್ಣ ವಾರಕ್ಕೊಮ್ಮೆ ಬರುತ್ತಿದ್ದ. ಕೈಯಲ್ಲಿ ಹಣ್ಣೋ, ಒಲೆಗೆ ಕಲ್ಲಿದ್ದಲೋ ಇರುತ್ತಿತ್ತು. ಅವನ ಉದ್ದ ನೆರಳು ಬಾಗಿಲ ಕೆಳಗಿನ ಸಂದಿಯಲ್ಲಿ ಕಂಡೊಡನೆ ಸೊಸೆ ಚಿಲಕ ಹಾಕುವಳು. ಹೆಜ್ಜೆ ಸಪ್ಪಳಕ್ಕೇ ಮುದುಕಿಗೆ ಗೊತ್ತಾಗುತ್ತಿತ್ತು.

"ಬಂದ್ಯಾ, ಮನೆಹಾಳ. ಇನ್ನೂ ಯಾರು ಉಳಿದಿದಾರೆ ಅಂತ ನೋಡೋಕೆ ಬಂದ್ಯಾ."

"ಹೌದಮ್ಮ," ಎನ್ನುತ್ತಿದ್ದ ಹೊರಗಿನಿಂದ. ಅಷ್ಟೇ. ಅವಳು ಬೈದು ಸುಸ್ತಾಗುವವರೆಗೂ ಮೆಟ್ಟಿಲ ಮೇಲೆ ನಿಂತಿದ್ದು, ತಂದದ್ದನ್ನು ಅಲ್ಲೇ ಇಟ್ಟು ಹೋಗುತ್ತಿದ್ದ. ಅದನ್ನು ಕೆಳಮನೆಯ ದರ್ಜಿಯ ಹೆಂಡತಿ ಒಯ್ಯುತ್ತಿದ್ದಳು. ಹಗಲು ಹೊತ್ತು ಮುದುಕಿಗೆ ನೀರು ಕೊಡುವವಳು ಅವಳೇ. "ನಿಮಗೆ ಬೇಡ ಅಂದ್ರೆ ಕಲ್ಲಿದ್ದಲಿಗೇನು ಪಾಪ ತಟ್ಟುತ್ತಾ," ಎನ್ನುವಳು.

ಹೀಗೇ ನಡೆದಿರುವಾಗ ಒಂದು ಮಧ್ಯಾಹ್ನ ಮುದುಕಿಗೆ ಲಕ್ವ ಹೊಡೆಯಿತು. ಸೊಸೆ ಓಡಿ ಬರುವಷ್ಟರಲ್ಲಿ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಬಲಗೈ ಹಾಸಿಗೆಯ ಮೇಲೆ ಬೇರೆ ಯಾರದೋ ಕೈ ಎಂಬಂತೆ ಬಿದ್ದಿತ್ತು. ವೈದ್ಯರು ನೋಡಿ, ಜೀವಕ್ಕೇನೂ ಆಗುವುದಿಲ್ಲ, ಮಾತು ಮಾತ್ರ ಬರುವುದು ಕಷ್ಟ ಎಂದರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಆ ಕಾಲ ಬಂತೆಂದು ಸೊಸೆಗೆ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಇಷ್ಟು ವರ್ಷ ಚುಚ್ಚಿದ ನಾಲಿಗೆ ಬಾಯೊಳಗೆ ಮಾಂಸದ ತುಂಡಿನಂತೆ ಬಿದ್ದಿದೆ. ಆ ಸಂಜೆ ಅವಳು ಪುಸ್ತಕ ತೆಗೆದು, ಯಾರೂ ಹೇಳದಿದ್ದರೂ, ಶಾಪದ ಅಧ್ಯಾಯವನ್ನೇ ಓದಿದಳು. ಗಟ್ಟಿಯಾಗಿ ಓದಿದಳು. "ಬೆಂಕಿಯಿಟ್ಟ ಕೈ ಒಣಗಲಿ" ಎನ್ನುವಾಗ ಕಣ್ಣೆತ್ತಿ ಆ ಸತ್ತ ಕೈಯನ್ನು ನೋಡಿದಳು.

ಮುದುಕಿಯೂ ಅದನ್ನೇ ನೋಡುತ್ತಿದ್ದಳು. ಮಂಜುಗಣ್ಣಿಗೆ ಎಷ್ಟು ಕಂಡಿತೋ. ಸೊಟ್ಟ ಬಾಯಿಂದ ಜೊಲ್ಲು ಇಳಿದು ದಿಂಬು ತೋಯುತ್ತಿತ್ತು. ಮುಖವನ್ನು ಗೋಡೆಯ ಕಡೆ ತಿರುಗಿಸಲು ಹೊರಟಳು, ಕತ್ತು ಹೊರಳಲಿಲ್ಲ. ಕಣ್ಣು ಮುಚ್ಚಿಕೊಂಡಳು.

ಸೊಸೆ ಓದುವುದನ್ನು ನಿಲ್ಲಿಸಿದಳು. ಪುಸ್ತಕ ಮುಚ್ಚಿದಳು. ಅವತ್ತು ಅವಳಿಗೆ ಗಂಜಿ ಸೇರಲಿಲ್ಲ. ತಾನು ಮಾಡಿದ್ದು ಏನೆಂದು ಅವಳಿಗೆ ಗೊತ್ತಿತ್ತು, ಅದಕ್ಕೆ ಹೆಸರಿಡಲು ಧೈರ್ಯ ಸಾಲಲಿಲ್ಲ.

ಮರುದಿನ ಸಂಜೆ ಯಾವುದನ್ನು ಓದಬೇಕೆಂದು ಹೇಳುವವರಿರಲಿಲ್ಲ. ಆ ಅಧ್ಯಾಯಕ್ಕೆ ಹೋಗಲು ಕೈ ಬರಲಿಲ್ಲ. ಅವಳು ಮೊದಲ ಪುಟ ತೆರೆದಳು. ಇಷ್ಟು ವರ್ಷ ಆ ಮನೆಯಲ್ಲಿದ್ದ ಪುಸ್ತಕವನ್ನು ಮೊದಲಿನಿಂದ ಓದುತ್ತಿರುವುದು ಅದೇ ಮೊದಲು. ನಗರ ಕಟ್ಟಿದ್ದು, ಕೋಟೆ ಎದ್ದದ್ದು, ಕಣಜ ತುಂಬಿದ್ದು, ಅಣ್ಣತಮ್ಮಂದಿರು ಬಾವಿಗಾಗಿ ಜಗಳವಾಡಿದ್ದು, ಹೀಗೆ ದಿನಕ್ಕಿಷ್ಟು ಓದುತ್ತ ಹೋದಳು. ಓದುವುದು ಅತ್ತೆಗಾಗಿಯೋ ತನಗಾಗಿಯೋ ಎಂಬುದು ನಿಧಾನವಾಗಿ ಗೊತ್ತಾಗದಂತಾಯಿತು. ಕೊನೆಗೆ ನಗರ ಉರಿದ ದಿನದ ಪುಟಕ್ಕೆ ಬಂದಳು. ಅದು ಶಾಪದ ಅಧ್ಯಾಯಕ್ಕೆ ಹಿಂದಿನ ಪುಟ. ಅದನ್ನು ಯಾವತ್ತೂ ಓದಿರಲಿಲ್ಲ.

"ಆ ದಿನ ಕೋಟೆಯ ಹೊರಗೆ ಯಾರೂ ಇರಲಿಲ್ಲ. ಬಾಗಿಲುಗಳು ಒಳಗಿನಿಂದ ಭದ್ರವಾಗಿದ್ದವು. ಪ್ರತಿಯೊಬ್ಬನೂ ನೆರೆಯವನ ಮೇಲಿನ ಸಿಟ್ಟಿಗೆ ತನ್ನ ಒಲೆಯ ಕೆಂಡವನ್ನು ಆರದಂತೆ ಕಾಪಾಡಿಕೊಂಡಿದ್ದ. ಗಾಳಿ ಎದ್ದಿತು."

ಅವಳು ಅಲ್ಲೇ ನಿಲ್ಲಿಸಿದಳು. ಹಿಂದೆ ಹೋಗಿ ಮತ್ತೆ ಓದಿದಳು. ಶತ್ರುಸೈನ್ಯವಿಲ್ಲ. ಬೆಂಕಿ ಹಿಡಿದು ಬಂದ ಪರರಾಜನಿಲ್ಲ. ಹಾಗಾದರೆ ಹಿರಿಯ ಬೂದಿಯಲ್ಲಿ ನಿಂತು ಶಪಿಸಿದ್ದು ಯಾರನ್ನು? ಅವನ ಒಲೆಯಲ್ಲೂ ಕೆಂಡವಿತ್ತಲ್ಲ.

"ಅತ್ತೆ, ಇದು ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು. ಎಷ್ಟೋ ತಿಂಗಳ ಮೇಲೆ ಅವಳನ್ನು ಅತ್ತೆ ಎಂದು ಕರೆದದ್ದು.

ಮುದುಕಿಯ ಗಂಟಲಿನಿಂದ ಒಂದು ಸದ್ದು ಬಂತು. ಹೌದೋ ಅಲ್ಲವೋ ತಿಳಿಯಲಿಲ್ಲ.

ಆ ರಾತ್ರಿಯಿಂದ ಪುಸ್ತಕ ಅವಳನ್ನು ಬಿಡಲಿಲ್ಲ. ಬಟ್ಟೆ ವಿಂಗಡಿಸುವಾಗಲೂ ನಗರ ಕಣ್ಣೆದುರು ಬರುತ್ತಿತ್ತು, ಆದರೆ ಎಲ್ಲೋ ದೂರದ ಬೆಟ್ಟದ ಮೇಲಲ್ಲ. ಕೋಟೆ ತನ್ನ ಎದೆಗೂಡೇ ಎಂಬಷ್ಟು ಹತ್ತಿರ. ಗಂಡನ ಸಾವಿಗೆ ಅವಳು ಅತ್ತಿರಲಿಲ್ಲ. ಅತ್ತರೆ ಕೆಂಡ ಆರಿಹೋದೀತೆಂಬ ಭಯ ಇದ್ದಿರಬೇಕು. ದಿನಾ ಸಂಜೆ ಪುಸ್ತಕ ತೆರೆದು ಅದನ್ನು ಊದಿ ಊದಿ ಕಾಪಾಡಿದವಳು ತಾನೇ. ಉಪ್ಪಿನ ಬಯಲೂ ಎಲ್ಲೋ ಇರಲಿಲ್ಲ. ಮನೆಯಿಂದ ನೆಲಮಾಳಿಗೆಗೆ, ನೆಲಮಾಳಿಗೆಯಿಂದ ಮನೆಗೆ, ಇಷ್ಟು ವರ್ಷ ನಡೆದದ್ದು ಅದರಲ್ಲೇ.

ಪುಸ್ತಕದ ಬಯಲಿನ ಭಾಗದಲ್ಲಿ ಒಂದು ಹೆಂಗಸಿನ ಮಾತಿತ್ತು. ನೀರಿಗಾಗಿ ಎಲ್ಲರೂ ಅಗೆಯುತ್ತಾರೆ, ಕಂಡಲ್ಲೆಲ್ಲ ಅಗೆಯುತ್ತಾರೆ, ಉಪ್ಪೇ ಬರುತ್ತದೆ. ಅವಳೊಬ್ಬಳು ಅಗೆಯಲಾರದೆ ಹಿಂದೆ ಉಳಿದು ಕುಳಿತುಬಿಡುತ್ತಾಳೆ. ಅವಳು ಕುಳಿತ ನೆಲ ತೇವವಾಗುತ್ತದೆ. ಅದನ್ನು ಓದಿದಾಗ ಸೊಸೆಗೆ ಸಿಟ್ಟೇ ಬಂತು. ಕೂತರೆ ನೀರು ಬರುತ್ತದಂತೆ. ಕೂತರೆ ಕೆಲಸ ಹೋಗುತ್ತದೆ, ಅಷ್ಟೇ.

ಆದರೆ ಕೂರುವ ದಿನ ಬಂತು. ಊರಿನಲ್ಲಿ ಜ್ವರ ಹರಡಿ ವಾರ್ಡುಗಳು ತುಂಬಿ ತುಳುಕುತ್ತಿದ್ದ ಕಾಲ. ಬಟ್ಟೆಯ ಗಂಟುಗಳು ಸೂರಿನವರೆಗೆ ಬೆಳೆದಿದ್ದವು. ಒಂದು ಗಂಟು ಬಿಚ್ಚಿದಾಗ ಹಾಸಿನ ನಡುವೆ ಗಂಡಸಿನ ಹಳೆಯ ಅಂಗಿಯೊಂದು ಸಿಕ್ಕಿತು, ಯಾವನೋ ರೋಗಿಯದು. ಕಂಕುಳಲ್ಲಿ ಹರಿದು, ದಪ್ಪ ದಾರದಲ್ಲಿ ಯಾರೋ ಒರಟಾಗಿ ಹೊಲಿದಿದ್ದರು. ಅವಳೂ ಗಂಡನ ಅಂಗಿಯನ್ನು ಹಾಗೇ ಹೊಲಿಯುತ್ತಿದ್ದಳು, ಹಾಗೇ ಕೆಟ್ಟದಾಗಿ. "ನಿನ್ನ ಹೊಲಿಗೆಯಿಂದ ಹಡಗು ಕಟ್ಟಿಹಾಕಬಹುದು ಕಣೇ," ಎಂದು ಅವನು ನಗುತ್ತಿದ್ದ.

ಅವಳು ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಗಂಟುಗಳ ಹಿಂದೆ ಒದ್ದೆ ನೆಲದ ಮೇಲೆ ಕುಸಿದು ಕುಳಿತಳು. ಅಳು ಬಂತು. ಅದು ಅವಳಿಗೆ ಗೊತ್ತಿದ್ದ ಅಳುವಾಗಿರಲಿಲ್ಲ. ಮೊದಲು ಹೊಟ್ಟೆಯಿಂದ ಬರೀ ಒಂದು ಸದ್ದು, ಆಮೇಲೆ ಕರುಳು ಕಿತ್ತು ಬರುವಂತೆ ಒಂದರ ಮೇಲೊಂದು ಬಿಕ್ಕು. ಗಂಡನಿಗಾಗಿ ಅತ್ತಳು. ಗಂಡನಿಗಾಗಿ ಮುಗಿದ ಮೇಲೆ ಮುದುಕಿಗಾಗಿ ಅಳು ಬಂದದ್ದು ಅವಳಿಗೇ ಆಶ್ಚರ್ಯವಾಯಿತು. ಹೆತ್ತ ಮಗನ ಒಡೆದ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡವಳು. ಆಮೇಲೆ ಮೆಟ್ಟಿಲ ಮೇಲೆ ನಿಂತು "ಹೌದಮ್ಮ" ಎನ್ನುತ್ತಿದ್ದವನು ನೆನಪಾದ. ಯಂತ್ರಗಳು ಗರಗರ ತಿರುಗುತ್ತಿದ್ದವು, ಯಾರಿಗೂ ಕೇಳಲಿಲ್ಲ.

ಅಳು ನಿಂತ ಮೇಲೆ ಎದೆಯಲ್ಲಿ ಏನೋ ಇತ್ತು. ಸಂತೋಷವೆಂದರೆ ಸುಳ್ಳಾದೀತು, ಸಂತೋಷಪಡುವಂಥದ್ದು ಏನೂ ಆಗಿರಲಿಲ್ಲ. ಬೆರಳು ಉರಿಯುತ್ತಲೇ ಇದ್ದವು, ಮನೆಯಲ್ಲಿ ಮುದುಕಿ ಹೇಲುಚ್ಚೆಯಲ್ಲಿ ಮಲಗಿದ್ದಳು, ಗಂಡ ಮಣ್ಣಾಗಿದ್ದ. ಆದರೂ ಒಳಗೆ ಒಂದು ತುಂಬಿದ ಭಾವ. ತಾನು ಕೇಳದೆ, ದುಡಿಯದೆ, ಯಾರದೋ ಬಾಗಿಲು ತಟ್ಟದೆ, ತಳದಿಂದ ಮೆಲ್ಲಗೆ ಏರಿ ಬಂದದ್ದು. ಎಷ್ಟು ಮೊಗೆದರೂ ಉಳಿಯುವಂತೆ ಇತ್ತು. ಅವಳು ಹೆದರಿ ಅಲ್ಲಾಡದೆ ಕುಳಿತಳು, ಎದ್ದರೆ ಚೆಲ್ಲಿಹೋದೀತೆಂದು.

ಇಸ್ತ್ರಿ ಯಂತ್ರ ನೋಡಿಕೊಳ್ಳುವ ದೊಡ್ಡಮ್ಮ ಹುಡುಕಿಕೊಂಡು ಬಂದಳು. ಅಲ್ಲಿ ಎಲ್ಲರಿಗಿಂತ ಹಿರಿಯಳು ಅವಳೇ.

"ಏನೇ, ಜ್ವರ ನಿನಗೂ ಅಂಟಿಕೊಂಡಿತಾ?"

"ಇಲ್ಲ ದೊಡ್ಡಮ್ಮ. ಸುಮ್ನೆ ಕೂತೆ."

"ಸುಮ್ನೆ ಕೂರೋಕೆ ನೀನೇನು ಸೂಪರ್‌ವೈಜರಾ? ಏಳು, ಏಳು." ಮುಖ ನೋಡಿ ದನಿ ತಗ್ಗಿಸಿದಳು. "ಚಹಾ ಕುಡಿದು ಬಾ. ಈ ಗಂಟು ನಾನು ನೋಡ್ಕೋತೀನಿ."

ಎದ್ದರೂ ಅದು ಚೆಲ್ಲಲಿಲ್ಲ. ಹಾಗೆಂದು ಅವಳು ಅವತ್ತಿನಿಂದ ದೇವತೆಯಾದಳೆಂದು ತಿಳಿಯಬಾರದು. ಎರಡೇ ದಿನಕ್ಕೆ, ಬದಲಿಸಿದ ಹಾಸು ಅರೆಗಳಿಗೆಯಲ್ಲಿ ಮತ್ತೆ ಕೊಳೆಯಾದಾಗ, ಮುದುಕಿಯ ಭುಜ ಹಿಡಿದು ಜೋರಾಗಿ ಅಲುಗಿಸಿದಳು. ಬಯಲು ಮತ್ತೆ ಒಣಗಿತು. ಆದರೆ ನೀರು ಎಲ್ಲಿದೆಯೆಂದು ಒಮ್ಮೆ ಕಂಡವಳಿಗೆ ಮತ್ತೆ ಅಲ್ಲಿಗೆ ಹೋಗಿ ಕೂರುವುದು ತಿಳಿಯುತ್ತದೆ. ಸಂಜೆ ಕ್ಷಮೆ ಕೇಳಿದಳು. ಮುದುಕಿ ಎಡಗೈಯಲ್ಲಿ ಅವಳ ಬಿರಿದ ಬೆರಳುಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಇಷ್ಟು ವರ್ಷದಲ್ಲಿ ಆ ಬೆರಳು ಹೇಗಿವೆಯೆಂದು ಅವಳಿಗೆ ಗೊತ್ತಾದದ್ದು ಆಗಲೇ.

ಉದ್ದಣ್ಣ ಬರುವುದು ಆ ಹೊತ್ತಿಗೆ ನಿಂತುಹೋಗಿತ್ತು. ರಜೆಯ ದಿನ ನೋಡಿ ಸೊಸೆ ಬಂದರಿನ ಹಿಂದಿನ ಓಣಿಗಳಲ್ಲಿ ಅವನನ್ನು ಹುಡುಕಿದಳು. ಕೆಲಸ ಬಿಟ್ಟು ಬಹಳ ಕಾಲವಾಗಿತ್ತಂತೆ. ಹಗ್ಗ, ಬಲೆ ತುಂಬಿಡುವ ಮಳಿಗೆಯೊಂದರ ಹಿಂಬದಿಯ ಕೋಣೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದ. ಹೆಂಡದ ವಾಸನೆ ಬಾಗಿಲಿಗೇ ಹೊಡೆಯಿತು. ಅಷ್ಟುದ್ದದ ಆಳು ಮಡಚಿಟ್ಟ ಕೊಡೆಯಂತಾಗಿದ್ದ. ಕಣ್ಣಿನ ಬಿಳಿ ಹಳದಿಗೆ ತಿರುಗಿತ್ತು.

"ಅತ್ತಿಗೆ," ಎಂದ. ಏಳಲು ಹೋಗಿ ಏಳಲಾಗಲಿಲ್ಲ. "ಅಮ್ಮ ಹೋದ್ರಾ?"

"ಇದಾರೆ. ಮಾತು ಹೋಗಿದೆ. ನೀನು ಬರಲಿಲ್ಲ ಅಂತ ನಾನೇ ಬಂದೆ."

"ಯಾಕೆ?"

ಅವಳು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಅದನ್ನೆಲ್ಲ ಬದಿಗಿಟ್ಟಳು. "ಬಾಗಿಲು ಹಾಕ್ಕೊಂಡಿದ್ದು ತಪ್ಪಾಯ್ತು," ಎಂದಳು.

ಅವನು ತಲೆಯಾಡಿಸಿದ. "ಬೇಡ ಅತ್ತಿಗೆ. ಕ್ಷಮೆ ಗಿಮೆ ಕೊಡೋಕೆ ಬಂದಿದ್ರೆ ಬೇಡ. ಹಗ್ಗ ಹಳೇದಾಗಿತ್ತೋ, ನನ್ನ ಕೈ ತಡವಾಯ್ತೋ, ಇವತ್ತಿನವರೆಗೂ ನನಗೆ ಗೊತ್ತಿಲ್ಲ. ಆಕಸ್ಮಿಕ ಅಂತ ಎಲ್ರೂ ಬೆನ್ನು ತಟ್ಟಿದ್ರು. ಅಮ್ಮ ಒಬ್ಬಳೇ ಬೈತಿದ್ಲು. ವಾರಕ್ಕೊಂದು ಸಲ ಅದನ್ನ ಕೇಳಿಸ್ಕೊಂಡ್ರೆ ನಿದ್ದೆ ಬರ್ತಿತ್ತು. ಒಂದು ದಿನ ಬಂದೆ, ಒಳಗಿಂದ ಸದ್ದೇ ಇಲ್ಲ. ಅವಳೂ ನನ್ನ ಬಿಟ್ಟಳು ಅಂದ್ಕೊಂಡೆ."

ಅವಳಿಗೆ ಪುಸ್ತಕದ ಮಾತು ಹೇಳಬೇಕೆನ್ನಿಸಿತು. ಕೆಂಡದ ಮಾತು, ತೇವದ ಮಾತು. ಅವನ ಮುಖ ನೋಡಿ ಸುಮ್ಮನಾದಳು. ಹಸಿದವನಿಗೆ ಅಡುಗೆಯ ವರ್ಣನೆ ಮಾಡಿದಂತಾದೀತು. ಕೋಣೆ ಗುಡಿಸಿದಳು, ನೀರು ತುಂಬಿಟ್ಟಳು. ಹೊರಡುವಾಗ, "ಅಮ್ಮನ್ನ ನೋಡಬೇಕು ಅನ್ನಿಸಿದ್ರೆ ಬಾ. ಚಿಲಕ ಹಾಕಿರಲ್ಲ," ಎಂದಳು.

ಅವನು ಬಂದ. ಒಂದು ಸಂಜೆ, ಕೆಳಮನೆಯ ದರ್ಜಿಯ ಹೆಗಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ಹೊಸ್ತಿಲಲ್ಲಿ ತಲೆ ತಗ್ಗಿಸಿ ಒಳಗೆ ಕಾಲಿಟ್ಟು ಮುದುಕಿಯ ಹಾಸಿಗೆಯ ಬಳಿ ಮಂಡಿಯೂರಿದ.

"ಅಮ್ಮ. ಬಯ್ಯಿ."

ಮುದುಕಿಯ ಮೂಗಿನ ಹೊಳ್ಳೆ ಅರಳಿತು. ವಾಸನೆಯಿಂದ ಗುರುತು ಹಿಡಿದಿರಬೇಕು. ಬಾಯಿ ತೆರೆಯಿತು. ಗಂಟಲು ಮೇಲೆ ಕೆಳಗೆ ಆಡಿತು, ಒಂದು ಅಕ್ಷರವೂ ಹುಟ್ಟಲಿಲ್ಲ. ಎಡಗೈ ಗಾಳಿಯಲ್ಲಿ ತಡಕಾಡಿ ಅವನ ಅಂಗಿಯ ಎದೆಯನ್ನು ಹಿಡಿಯಿತು. ಹಿಡಿದು ಎಳೆಯಿತು. ಕೊರಳು ಬಿಗಿಯುವಷ್ಟು ಎಳೆಯಿತು. ಸೊಸೆ ಬಿಡಿಸಲು ಮುಂದೆ ಬಂದಾಗ ಅವನು ಬೇಡವೆಂದು ಕೈಯೆತ್ತಿದ. ಅದು ಹೊಡೆತವೋ ಅಪ್ಪುಗೆಯೋ ಯಾರಿಗೂ ತಿಳಿಯಲಿಲ್ಲ, ಬಹುಶಃ ಮುದುಕಿಗೂ. ಇಬ್ಬರೂ ಹಾಗೇ ಇದ್ದರು. ದೀಪ ಹಚ್ಚುವ ಹೊತ್ತಾಯಿತು. ಅವಳ ಕೈ ಸೋತು ತಾನಾಗಿಯೇ ಜಾರಿದಾಗ ಅವನ ತಲೆ ಅವಳ ಪಕ್ಕದಲ್ಲಿ ಹಾಸಿಗೆಗೆ ಒರಗಿತ್ತು. ನಿದ್ದೆ ಬಂದಿತ್ತು ಅವನಿಗೆ.

ಮಳೆಗಾಲ ಮುಗಿಯುವ ಮೊದಲೇ ಮುದುಕಿ ತೀರಿಕೊಂಡಳು. ಬೆಳಗಿನ ಗಂಜಿ ಕುಡಿದು, ಬಾಯಿ ಒರೆಸಿಸಿಕೊಂಡು, ಸೊಸೆ ಬಟ್ಟಲು ತೊಳೆದು ಬರುವಷ್ಟರಲ್ಲಿ ಹೋಗಿದ್ದಳು. ದರ್ಜಿ, ಅವನ ಹೆಂಡತಿ, ದೊಡ್ಡಮ್ಮ ಬಂದರು. ಉದ್ದಣ್ಣ ಬರಲಿಲ್ಲ. ಅವನು ಆಗಲೇ ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಮಲಗಿದ್ದ.

ಸೊಸೆ ಊಟದ ಬಿಡುವಿನಲ್ಲಿ ಮಹಡಿ ಹತ್ತಿ ಹೋಗಿ ಅವನ ಬಳಿ ಕೂರುತ್ತಿದ್ದಳು. ಒಂದು ದಿನ ಅವನೇ ಕೇಳಿದ.

"ಅಮ್ಮನ ಪುಸ್ತಕದಲ್ಲಿ ಏನಿದೆ ಅತ್ತಿಗೆ? ಶಾಪ ಬಿಟ್ಟು ಬೇರೇನಾದ್ರೂ ಇದೆಯಾ?"

"ಇದೆ. ಎಲ್ಲ ನಮ್ಮದೇ ಇದೆ. ಊರೂ ನಮ್ಮದೇ, ಬೆಂಕಿಯೂ ನಮ್ಮದೇ."

"ನೀರು?"

"ಅದೂನೂ."

ಅವನು ಕಣ್ಣು ಮುಚ್ಚಿದ. "ನನಗೆ ಸಿಗಲಿಲ್ಲ," ಎಂದ. ಅವಳು ಸಮಾಧಾನದ ಸುಳ್ಳು ಹೇಳಲಿಲ್ಲ. ಅವನ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಬಿಡುವು ಮುಗಿಯುವ ಗಂಟೆ ಹೊಡೆಯುವವರೆಗೂ ಕುಳಿತಿದ್ದಳು. ತನ್ನಲ್ಲಿರುವುದನ್ನು ಬಟ್ಟಲಿಗೆ ಬಗ್ಗಿಸಿ ಕೊಡಲು ಬರುವಂತಿದ್ದರೆ ಎಂದುಕೊಂಡಳು. ಬರುವುದಿಲ್ಲ. ಪಕ್ಕದಲ್ಲಿ ಕೂರಬಹುದು, ಅಷ್ಟೇ.

ಅವನು ಸತ್ತ ಸುದ್ದಿ ಅವಳಿಗೆ ಮುಟ್ಟಿದ್ದು ನೆಲಮಾಳಿಗೆಯಲ್ಲಿ. ಮಹಡಿ ಹತ್ತಿ ಹೋದಾಗ ಹಾಸಿಗೆ ಖಾಲಿ ಮಾಡಿ ಹೊಸಬನಿಗೆ ಹಾಸುತ್ತಿದ್ದರು. ಹೆಣವನ್ನು ಕೆಳಗಿನ ಕೋಣೆಗೆ ಸಾಗಿಸಿದ್ದರು. ಅಲ್ಲಿನ ಕಾವಲುಗಾರ ಬಾಗಿಲಿಗೆ ಅಡ್ಡ ನಿಂತ.

"ವಾರಸುದಾರರು ಯಾರೂ ಇಲ್ಲ ಅಂತ ಹೇಳಿದ್ರು. ನೀವು ಯಾರಾಗಬೇಕು?"

"ನನ್ನ ಮೈದುನ," ಎಂದಳು.

ಅವನು ದಾರಿ ಬಿಟ್ಟ. ಒಳಗೆ ತಣ್ಣಗಿತ್ತು. ಮುಚ್ಚಿದ ಹೊದಿಕೆ ಉದ್ದಣ್ಣನಿಗೆ ಸಾಲದೆ ಪಾದಗಳು ಹೊರಗೆ ಉಳಿದಿದ್ದವು. ಅವಳು ಮತ್ತೊಂದು ಹೊದಿಕೆ ತರಿಸಿ ಪಾದ ಮುಚ್ಚಿದಳು. ದೊಡ್ಡಮ್ಮನಿಗೆ ಹೇಳಿ ಕಳಿಸಿ, ಹೊರಲು ನಾಲ್ಕು ಜನರನ್ನು ಹೊಂದಿಸಲು ದರ್ಜಿಯ ಮನೆಯ ಕಡೆ ಹೊರಟಳು.